ಮೊದಲ ಸ್ಕ್ರಿಪ್ಟ್ ಓಡಿಸುವ ಮುಂಚೆ ಮಾಡಿಕೊಂಡ ಏರ್ಪಾಡು

ನಾನು ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಸುತ್ತಲಿನ ಕೆಲವು ಕಾಫಿ ತೋಟಗಳ ಮಳೆ ಲೆಕ್ಕ ಇಡುವ ಒಂದು ಚಿಕ್ಕ ಸಾಫ್ಟ್‌ವೇರ್ ನನ್ನ ಕೈಯಲ್ಲಿದೆ. ತೋಟದ ಲೆಕ್ಕ ಬರೆಯುವ ರೈಟರ್‌ಗಳು ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ (ಒಂದು ಇಂಚಿಗೆ ನೂರು ಸೆಂಟು) ಬರೆದಿಟ್ಟು, ವಾರಕ್ಕೊಮ್ಮೆ ಫೈಲ್ ಮಾಡಿ ಕಳಿಸುತ್ತಾರೆ. ಪ್ರತಿ ಶನಿವಾರ ಅವನ್ನು ಸರ್ವರಿಗೆ ಹಾಕಿ, ಡೇಟಾಬೇಸಿನ ಬ್ಯಾಕಪ್ ತೆಗೆದು, ಹೊಸದನ್ನು ಸೇರಿಸಿ, ಹಳೆಯ ಫೈಲ್‌ಗಳನ್ನು ಅಳಿಸುವುದು ನನ್ನ ಪಾಲಿನ ಕೆಲಸ. ಒಂದೂವರೆ ಗಂಟೆ ಹಿಡಿಯುತ್ತಿತ್ತು. ಇದನ್ನು ಒಂದು ಬ್ಯಾಷ್ ಸ್ಕ್ರಿಪ್ಟಿಗೆ, ಅಂದ್ರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟು ಒಟ್ಟಿಗೆ ಓಡಿಸುವ ಫೈಲಿಗೆ, ಒಪ್ಪಿಸೋಣ ಅಂತ ಕೂತಾಗ ಖುಷಿಗಿಂತ ಭಯವೇ ಜಾಸ್ತಿ ಇತ್ತು. ಯಾಕಂದ್ರೆ ಕಳೆದ ಜುಲೈನಲ್ಲಿ ಬಿದ್ದ ಮಳೆಯನ್ನು ಮತ್ತೆ ಅಳೆಯೋಕೆ ಆಗುವುದಿಲ್ಲ, ಅಲ್ವಾ?

ಮೊದಲ ಎರಡು ಶನಿವಾರ ಕೋಡ್ ಬರೆಯಲೇ ಇಲ್ಲ. ಎಂದಿನಂತೆ ಕೈಯಲ್ಲೇ ಕೆಲಸ ಮಾಡುತ್ತಾ, ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಒಟ್ಟು 11 ಹಂತ. ಅದರಲ್ಲಿ ಎರಡು ಕಡೆ ನಾನು ಕಣ್ಣಲ್ಲಿ ನೋಡಿ, ಇದು ಸರಿ ಇದು ಸರಿಯಿಲ್ಲ ಅಂತ ತೀರ್ಮಾನ ಮಾಡುತ್ತಿದ್ದೆ. ಅವೆರಡನ್ನೂ ಸ್ಕ್ರಿಪ್ಟಿನಿಂದ ಹೊರಗಿಟ್ಟೆ. ಅಲ್ಲಿಗೆ ಬಂದರೆ ಅದು ನಿಂತು ನನ್ನನ್ನು ಕೇಳಬೇಕು, ಅಷ್ಟೇ.

ಆಮೇಲೆ ಇಡೀ ಫೋಲ್ಡರ್‌ದು ಒಂದು ನಕಲು ಮಾಡಿ, ಅದಕ್ಕೆ ‘ಅಭ್ಯಾಸ’ ಅಂತ ಹೆಸರಿಟ್ಟು, ಅದರ ಮೇಲೆ ಮಾತ್ರ ಸ್ಕ್ರಿಪ್ಟ್ ಓಡಿಸಿದೆ. ಅದೂ ಒಂದೇ ಸಲಕ್ಕೆ ನಿಜವಾಗಿ ಅಲ್ಲ. ಫೈಲ್ ಅಳಿಸುವ, ಜಾಗ ಬದಲಿಸುವ ಪ್ರತಿ ಕಮಾಂಡಿನ ಮುಂದೆ ‘ಎಕೋ’ ಸೇರಿಸಿದೆ. ಆಗ ಸ್ಕ್ರಿಪ್ಟ್ ಏನು ಮಾಡಲು ಹೊರಟಿದೆ ಅಂತ ಬಾಯಲ್ಲಿ ಹೇಳುತ್ತದೆ, ಕೈ ಆಡಿಸುವುದಿಲ್ಲ. ಹೊಸಬರಿಗೆ ಎಲ್ಲರೂ ಹೇಳುವ ಉಪಾಯವೇ ಇದು. ಆದರೆ ಇದರಲ್ಲಿ ಒಂದು ಮೋಸ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ಬಳಿ ‘ಆಲ್ದೂರು ಮೇಲಿನ ತೋಟ.ಸಿಎಸ್‌ವಿ’ ಅನ್ನುವ ಫೈಲ್ ಇತ್ತು. ಎಕೋ ಹಾಕಿದಾಗ ಪರದೆಯಲ್ಲಿ ‘ಆರ್‌ಎಂ -ಆರ್‌ಎಫ್ ಆಲ್ದೂರು ಮೇಲಿನ ತೋಟ.ಸಿಎಸ್‌ವಿ’ ಅಂತ ಬಂತು. ‘ಆರ್‌ಎಂ -ಆರ್‌ಎಫ್’ ಅಂದ್ರೆ ಫೈಲಾಗಲಿ ಇಡೀ ಫೋಲ್ಡರಾಗಲಿ, ಕೇಳದೆ ಅಳಿಸು ಅಂತ. ನೋಡೋಕೆ ಸರಿಯಾಗಿಯೇ ಇದೆ. ಯಾಕೋ ಸಮಾಧಾನ ಆಗದೆ, ಎಕೋ ತೆಗೆದು ‘ಪ್ರಿಂಟ್‌ಎಫ್’ ಹಾಕಿ, ಕಮಾಂಡಿಗೆ ಹೋಗುವ ಒಂದೊಂದು ಹೆಸರೂ ಬೇರೆ ಬೇರೆ ಸಾಲಿನಲ್ಲಿ ಬರುವಂತೆ ಮಾಡಿದೆ. ಆಗ ಕಂಡಿದ್ದು ಒಂದು ಫೈಲ್ ಅಲ್ಲ, ಮೂರು. ‘ಆಲ್ದೂರು’ ಒಂದು ಸಾಲು, ‘ಮೇಲಿನ’ ಒಂದು ಸಾಲು, ‘ತೋಟ.ಸಿಎಸ್‌ವಿ’ ಇನ್ನೊಂದು. ಫೈಲಿನ ಹೆಸರು ಹಿಡಿದಿಡುವ ವೇರಿಯಬಲ್‌ನ ಆಚೆ ಈಚೆ ಜೋಡಿ ಉದ್ಧರಣ ಚಿಹ್ನೆ ಹಾಕದಿದ್ದರಿಂದ, ಹೆಸರಿನ ನಡುವೆ ಜಾಗ ಇದ್ದಲ್ಲೆಲ್ಲ ಬ್ಯಾಷ್ ಅದನ್ನು ತುಂಡು ಮಾಡಿತ್ತು. ಅದೇ ಜಾಗದಲ್ಲಿ ‘ಆಲ್ದೂರು’ ಅನ್ನುವ ಫೋಲ್ಡರ್ ನಿಜವಾಗಿಯೂ ಇತ್ತು, ಆ ಕಡೆಯ ತೋಟಗಳ ಇಡೀ ವರ್ಷದ ಲೆಕ್ಕ ಅದರೊಳಗಿತ್ತು. ಎಕೋ ನಂಬಿ ಮುಂದೆ ಹೋಗಿದ್ದರೆ ಅದು ಪೂರ್ತಿ ಹೋಗುತ್ತಿತ್ತು. ‘-ಎಫ್’ ಇದ್ದುದರಿಂದ ‘ಮೇಲಿನ’ ಅನ್ನುವ ಫೈಲೇ ಇಲ್ಲ ಅಂತ ಒಂದು ದೂರು ಕೂಡ ಬರುತ್ತಿರಲಿಲ್ಲ. ಆಮೇಲೆ ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್ ಓಡಿಸಿದೆ. ಅದೇ ಸಾಲಿಗೆ ಎಸ್‌ಸಿ2086 ಅಂತ ಗುರುತು ಹಾಕಿ ತೋರಿಸಿತು. ಈಗ ಮೊದಲು ಶೆಲ್‌ಚೆಕ್, ಆಮೇಲೆ ಬೇರೆ ಮಾತು.

ಇಲ್ಲದ ಅಥವಾ ಖಾಲಿ ವೇರಿಯಬಲ್ ಇದಕ್ಕಿಂತ ಅಪಾಯ. 2015ರಲ್ಲಿ ಲಿನಕ್ಸ್‌ನಲ್ಲಿ ಸ್ಟೀಮ್ ಅನ್ನುವ ಗೇಮ್ ಸಾಫ್ಟ್‌ವೇರಿನ ಸ್ಕ್ರಿಪ್ಟಿನಲ್ಲಿ ಆಗಿದ್ದು ಇದೇ. ಫೋಲ್ಡರಿನ ಹೆಸರು ಇರಬೇಕಾದ ವೇರಿಯಬಲ್ ಖಾಲಿಯಾಗಿ, ಅಳಿಸುವ ಕಮಾಂಡ್ ರೂಟ್‌ನಿಂದಲೇ, ಅಂದ್ರೆ ಎಲ್ಲ ಫೋಲ್ಡರ್‌ಗಳ ಬುಡದಿಂದಲೇ, ಶುರುವಾಗಿತ್ತು. ‘ಸೆಟ್ -ಯು’ ಹಾಕಿದರೆ ವೇರಿಯಬಲ್ ಇಲ್ಲದಿದ್ದಾಗ ಸ್ಕ್ರಿಪ್ಟ್ ನಿಲ್ಲುತ್ತದೆ ನಿಜ, ಆದರೆ ಇದ್ದೂ ಖಾಲಿಯಾಗಿದ್ದರೆ ನಿಲ್ಲುವುದಿಲ್ಲ. ಅದಕ್ಕೇ ಫೋಲ್ಡರಿನ ಹೆಸರು ಬರುವಲ್ಲೆಲ್ಲ, ಕರ್ಲಿ ಬ್ರಾಕೆಟ್ಟಿನೊಳಗೆ ಹೆಸರಿನ ಹಿಂದೆಯೇ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಸೇರಿಸಿದೆ. ಆಗ ಎರಡಕ್ಕೂ ತಡೆ. ಕೊನೆಗೆ ಅಳಿಸುವ ಕಮಾಂಡನ್ನೇ ತೆಗೆದುಬಿಟ್ಟೆ. ಹಳೆಯ ಫೈಲ್‌ಗಳು ಈಗ ‘ತೆಗೆದಿಟ್ಟದ್ದು’ ಅನ್ನುವ ಫೋಲ್ಡರಿಗೆ ಹೋಗುತ್ತವೆ. 30 ದಿನ ಕಳೆದ ಮೇಲೆ ನಾನೇ ನೋಡಿ ಅಳಿಸುತ್ತೇನೆ.

ಅಭ್ಯಾಸದ ಫೋಲ್ಡರಿನಲ್ಲಿ ಬೇಕಂತಲೇ ತಪ್ಪು ಮಾಡಿ ನೋಡಿದ್ದು ತುಂಬಾ ಉಪಯೋಗಕ್ಕೆ ಬಂತು. ಡೇಟಾಬೇಸಿಗೆ ತಪ್ಪು ಪಾಸ್‌ವರ್ಡ್ ಕೊಟ್ಟೆ. ಪರದೆಯಲ್ಲಿ ಒಂದು ದೂರು ಮಿಂಚಿ ಹೋಯಿತು, ಅದರ ಹಿಂದೆಯೇ ‘ಬ್ಯಾಕಪ್ ಆಯಿತು’ ಅಂತ ಬಂತು. ಹೋಗಿ ನೋಡಿದರೆ ಬ್ಯಾಕಪ್ ಫೈಲ್ ಬರೀ 20 ಬೈಟ್. ಡೇಟಾ ತೆಗೆಯುವ ಕಮಾಂಡ್ ಸೋತಿತ್ತು, ಆದರೆ ಪೈಪಿನ (ಒಂದು ಕಮಾಂಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ಕೊಡುವ ಕೊಂಡಿ) ಆ ಕಡೆ ಇದ್ದ, ಫೈಲ್ ಕುಗ್ಗಿಸುವ ಜಿಜಿಪ್ ಏನೂ ಇಲ್ಲದ್ದನ್ನೇ ಮಡಚಿಟ್ಟು ತನ್ನ ಕೆಲಸ ಮುಗಿಸಿತ್ತು. ಬ್ಯಾಷ್ ಸುಮ್ನೆ ಇದ್ದರೆ ಪೈಪಿನ ಕೊನೆಯ ಕಮಾಂಡನ್ನು ಮಾತ್ರ ನೋಡುತ್ತದೆ. ಕಮಾಂಡ್ ಸೋತರೆ ಸ್ಕ್ರಿಪ್ಟ್ ನಿಲ್ಲಿಸುವ ‘ಸೆಟ್ -ಇ’ ಜೊತೆ, ಪೈಪಿನಲ್ಲಿ ಯಾವುದು ಸೋತರೂ ಸೋಲು ಅಂತ ಎಣಿಸುವ ‘ಪೈಪ್‌ಫೇಲ್’ ಸೇರಿಸಿದ ಮೇಲೆ ಅಲ್ಲೇ ನಿಂತಿತು. ಫೈಲಿನ ಅಳತೆ ನೋಡುವ ಒಂದು ಸಾಲನ್ನೂ ಹಾಕಿದೆ.

ಮಳೆಗಾಲದಲ್ಲಿ ಇಲ್ಲಿ ಕರೆಂಟು, ಇಂಟರ್‌ನೆಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಅದಕ್ಕೆ ಸರ್ವರಿನಲ್ಲಿ ಟಿಮಕ್ಸ್ ಒಳಗೆ ಓಡಿಸುತ್ತೇನೆ. ನನ್ನ ಕಡೆ ಸಂಪರ್ಕ ಕಡಿದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಹಾಗೊಂದು ವೇಳೆ ಅರ್ಧಕ್ಕೆ ನಿಂತರೆ ಮೊದಲಿಂದ ಓಡಿಸಿದರೂ ತೊಂದರೆ ಆಗಬಾರದು ಅಂತ, ಪ್ರತಿ ಹಂತವೂ ‘ಇದು ಆಗಲೇ ಆಗಿದೆಯಾ’ ಅಂತ ನೋಡಿಕೊಂಡೇ ಶುರುವಾಗುವ ಹಾಗೆ ಬರೆದೆ. ಅಭ್ಯಾಸದಲ್ಲಿ ಒಂದರ ಹಿಂದೆ ಒಂದು ಎರಡು ಸಲ ಓಡಿಸಿದೆ. ಎರಡನೇ ಸಲ ‘ಮಾಡಲು ಏನೂ ಇಲ್ಲ’ ಅಂತ ಬಂದಾಗಲೇ ಧೈರ್ಯ ಬಂದಿದ್ದು. ನಿಜವಾದ ಡೇಟಾದ ಮೇಲೆ ಓಡಿಸಿದ್ದು ಅದರ ಮುಂದಿನ ಶನಿವಾರ ಬೆಳಿಗ್ಗೆ. ರಾತ್ರಿ ಸುಸ್ತಾಗಿ ಕೂತಾಗ ಮೊದಲ ಸಲ ಓಡಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆ ಎರಡು ಹಂತ ಮಾತ್ರ ಇನ್ನೂ ನನ್ನ ಹತ್ತಿರವೇ ಇವೆ. ಮೊನ್ನೆ ಒಂದು ತೋಟದಿಂದ 4.5 ಅಂತ ಬಂದಿತ್ತು, ಅಕ್ಕಪಕ್ಕದ ತೋಟಗಳಲ್ಲಿ ನಾಲ್ಕರ ಆಸುಪಾಸು. ಸ್ಕ್ರಿಪ್ಟ್ ನಿಂತು ಕೇಳಿತು. ರೈಟರ್‌ಗೆ ಫೋನ್ ಮಾಡಿದೆ. ಅವರು ಪುಸ್ತಕ ತೆಗೆದು ನೋಡಿ, “ನಾಲ್ಕು ಇಂಚು ಐದು ಸೆಂಟು ಸಾರ್” ಅಂದರು. 4.05 ಅಂತ ತಿದ್ದಿ, ಮುಂದಕ್ಕೆ ಹೋಗಲು ವೈ ಒತ್ತಿದೆ.