ಕಪ್ಪು ಅಕ್ಷರದೊಳಗಿನ ಬಿಳಿ: ಕೂಪರ್ ಬ್ಲ್ಯಾಕ್ ಬಳಸಿದ ನನ್ನ ಅನುಭವ

ಮಕ್ಕಳ ನಾಟಕವೊಂದರ ಪೋಸ್ಟರ್ ವಿನ್ಯಾಸ ಮಾಡಬೇಕಾಗಿ ಬಂದಾಗ, ಅದರ ಇಂಗ್ಲಿಷ್ ಶೀರ್ಷಿಕೆಗೆ ನಾನು ಕೂಪರ್ ಬ್ಲ್ಯಾಕ್ ಅಕ್ಷರಶೈಲಿಯನ್ನು ಆರಿಸಿಕೊಂಡೆ. ಅಕ್ಷರ ದಪ್ಪಗಿರಬೇಕು, ಆದರೆ ಗದರಿಸುವಂತಿರಬಾರದು ಎಂಬುದಷ್ಟೇ ನನ್ನ ಅಪೇಕ್ಷೆಯಾಗಿತ್ತು.

ಈ ಶೈಲಿಯನ್ನು ರೂಪಿಸಿದ ಆಸ್ವಾಲ್ಡ್ ಕೂಪರ್ ಅವರು ಷಿಕಾಗೋದಲ್ಲಿ ಜಾಹೀರಾತುಗಳಿಗೆ ಕೈಯಿಂದ ಅಕ್ಷರ ಬರೆಯುತ್ತಿದ್ದವರು. 1922ರಲ್ಲಿ ಅದೇ ನಗರದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಸಂಸ್ಥೆ ಇದನ್ನು ಲೋಹದ ಅಚ್ಚುಮೊಳೆಗಳಾಗಿ ಹೊರತಂದಿತು. ಕುಂಚ ಹಿಡಿದ ಕೈಯ ಗುರುತು ಇದರಲ್ಲಿ ಇಂದಿಗೂ ಉಳಿದಿದೆ. ಸೆರಿಫ್‌ಗಳ, ಅಂದರೆ ಅಕ್ಷರದ ಗೆರೆಗಳ ಕೊನೆಯಲ್ಲಿರುವ ಪುಟ್ಟ ಚಾಚುಗಳ, ತುದಿಗಳು ಕತ್ತರಿಸಿದಂತಿರದೆ ಉಬ್ಬಿ ದುಂಡಗಾಗಿವೆ. ಇಂಗ್ಲಿಷಿನ ‘o’ ಅಕ್ಷರದ ಒಳಗಿನ ಬಿಳಿಯ ಜಾಗ ನೆಟ್ಟಗೆ ನಿಲ್ಲದೆ ಎಡಕ್ಕೆ, ಹಿಂದೆ ಒರಗಿ ಕುಳಿತವರಂತೆ ವಾಲಿದೆ. ಇಷ್ಟು ತೂಕದ ಅಕ್ಷರವೂ ಸ್ನೇಹದಿಂದ ಮಾತನಾಡಿಸಿದಂತೆ ಕಾಣುವುದಕ್ಕೆ ಈ ವಾಲುವಿಕೆಯೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ.

ನನ್ನ ಮೊದಲ ಪ್ರೂಫ್ (ಪರೀಕ್ಷೆಗಾಗಿ ತೆಗೆದ ಮುದ್ರಣ) ಕೆಟ್ಟಿತು. ಶೀರ್ಷಿಕೆಯ ಕೆಳಗೆ ದಿನಾಂಕ, ಸಮಯಗಳ ಸಾಲುಗಳನ್ನೂ ಇದೇ ಶೈಲಿಯಲ್ಲಿ, 11 ಪಾಯಿಂಟ್ ಗಾತ್ರದಲ್ಲಿ, ಕಡುನೀಲಿಯ ಮೇಲೆ ಬಿಳಿಯಾಗಿ ಇಟ್ಟಿದ್ದೆ. ಪರದೆಯ ಮೇಲೆ ಚೆನ್ನಾಗಿಯೇ ಇದ್ದ ಸಾಲುಗಳು ಒರಟು ಕಾಗದದ ಮೇಲೆ ಮುದ್ರಣಗೊಂಡಾಗ ಓದಲಾಗದಂತಾದವು. ಸಣ್ಣ ‘e’ ಮತ್ತು ‘a’ ಅಕ್ಷರಗಳ ಹೊಟ್ಟೆಯೊಳಗಿನ ಕಿಂಡಿಗಳನ್ನು ಸುತ್ತುವ ಗೆರೆಗಳು ಕೆಲವೆಡೆ ಮೊದಲೇ ತೆಳು. ಸುತ್ತಲಿನ ನೀಲಿ ಶಾಯಿ ಕಾಗದದಲ್ಲಿ ಹರಡಿ, ಆ ಬಿಳಿಯ ಗೆರೆಗಳ ಅಂಚುಗಳನ್ನು ತಿಂದುಹಾಕಿತ್ತು. ಆ ಸಾಲುಗಳನ್ನು ತೆಳುವಾದ, ಸೆರಿಫ್ ಇಲ್ಲದ ಶೈಲಿಗೆ ಬದಲಿಸಿದೆ. ಕೂಪರ್ ಬ್ಲ್ಯಾಕ್ ಇರುವುದು ನಾಲ್ಕಾರು ಪದಗಳಿಗೆ, ವಾಕ್ಯಗಳಿಗಲ್ಲ.

ನಿಜವಾದ ಕೆಲಸ ನಡೆದದ್ದು ಶೀರ್ಷಿಕೆಯಲ್ಲಿ. ಫಾಂಟಿನೊಡನೆ ಬರುವ ಅಂತರದಲ್ಲಿ ಅಕ್ಷರಗಳು ಬಿಡಿಬಿಡಿಯಾದ ಕಪ್ಪು ಉಂಡೆಗಳಂತೆ ಕಂಡವು. ಲೋಹದ ಮೊಳೆಗಳ ಕಾಲದಲ್ಲಿ, ಪ್ರತಿ ಅಕ್ಷರಕ್ಕೂ ತನ್ನದೇ ಚೌಕಟ್ಟಿನ ಮೈ ಇದ್ದುದರಿಂದ ಅವನ್ನು ಇನ್ನಷ್ಟು ಹತ್ತಿರ ತರುವುದು ಕಷ್ಟವಿತ್ತು; ಮೊಳೆಗಳ ಬದಲು ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೋ ಅಕ್ಷರಜೋಡಣೆ ಬಂದ ಮೇಲೆ ಆ ಅಡ್ಡಿ ಹೋಗಿ, 1960 ಮತ್ತು 70ರ ದಶಕಗಳಲ್ಲಿ ಅಕ್ಷರಗಳನ್ನು ಒಂದಕ್ಕೊಂದು ಒತ್ತಿ ಕೂರಿಸುವ ರೂಢಿ ಬೆಳೆಯಿತು. ನಾನೂ ಹಾಗೆಯೇ, ಸೆರಿಫ್‌ಗಳು ಮುಟ್ಟೀತೋ ಮುಟ್ಟದೋ ಎನ್ನುವಷ್ಟು ಅಂತರವನ್ನು ಬಿಗಿಗೊಳಿಸಿದಾಗ, ಅಕ್ಷರಗಳ ನಡುವಿನ ಬಿಳಿಯೂ ಒಳಗಿನ ಬಿಳಿಯೂ ಸರಿಸಮವಾಗಿ ಇಡೀ ಪದ ಒಂದೇ ಆಕಾರವಾಗಿ ಕೂಡಿಕೊಂಡಿತು. ಅಕ್ಷರಗಳು ಕೂರುವ ಅಡಿಗೆರೆಯ ಕೆಳಗೆ ಇಳಿಯುವ (‘g’, ‘p’ಗಳಂಥ ಅಕ್ಷರಗಳ) ಬಾಲಗಳು ಗಿಡ್ಡವಾದ್ದರಿಂದ ಎರಡು ಸಾಲುಗಳನ್ನೂ ಹತ್ತಿರ ತರಲು ಸಾಧ್ಯವಾಯಿತು: 96 ಪಾಯಿಂಟ್ ಅಕ್ಷರಕ್ಕೆ 84 ಪಾಯಿಂಟ್ ಸಾಲಂತರ ಸಾಕಾಯಿತು.

ಪೂರ್ತಿ ದೊಡ್ಡಕ್ಷರಗಳಲ್ಲಿಯೂ ಒಮ್ಮೆ ಜೋಡಿಸಿ ನೋಡಿ ಕೈಬಿಟ್ಟೆ; ಈ ಶೈಲಿಯ ಜೀವ ಸಣ್ಣಕ್ಷರಗಳಲ್ಲಿದೆ. ಇದೇ ಶೈಲಿಯಲ್ಲಿರುವ ಈಜಿಜೆಟ್ ವಿಮಾನ ಸಂಸ್ಥೆಯ ಲಾಂಛನವನ್ನು ಗಮನಿಸಿದವರಿಗೆ ಇದು ತಿಳಿದೇ ಇರುತ್ತದೆ.

ಕೊನೆಗೆ ಉಳಿದದ್ದು ಒಂದು ಸೂಕ್ಷ್ಮ. ಶೀರ್ಷಿಕೆಯನ್ನು ಚಿತ್ರದ ನೇರ ಅಂಚಿನ ಮೇಲೆ ಕೂರಿಸಿದಾಗ, ಪಾದಗಳು ದುಂಡಗಿರುವುದರಿಂದ ಅಕ್ಷರಗಳು ಕೊಂಚ ಮೇಲೆ ತೇಲಿದಂತೆ ಕಂಡವು. ಅಳತೆಪಟ್ಟಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು, ಕಣ್ಣಿಗೆ ಮಾತ್ರ ಒಪ್ಪಲಿಲ್ಲ. ಇಡೀ ಸಾಲನ್ನು 2 ಪಾಯಿಂಟ್ ಕೆಳಗಿಳಿಸಿ, ನಿಜವಾದ ಗಾತ್ರದಲ್ಲಿ ಮುದ್ರಿಸಿ ಎದುರಿನ ಗೋಡೆಗೆ ಅಂಟಿಸಿ, ದೂರ ನಿಂತು ನೋಡಿದಾಗ ಅಕ್ಷರಗಳು ಅಂಚಿನ ಮೇಲೆ ಭಾರ ಬಿಟ್ಟು ಕುಳಿತಿದ್ದವು.