ಮಾಲ್ಡೀವ್ಸ್‌ನಲ್ಲಿ ಗಾಳಕ್ಕೆ ಬಿದ್ದ ಮೀನು ಯಾವುದು? ಬಣ್ಣ ಬಿಡಿ, ಕೆನ್ನೆ ನೋಡಿ

ಹಿಡಕಲ್ ಹಿನ್ನೀರಿನಲ್ಲೋ ನವಿಲುತೀರ್ಥದಲ್ಲೋ ಗಾಳ ಹಾಕುವ ನಮ್ಮ ಬೆಳಗಾವಿ ಕಡೆಯವರಿಗೆ ಹೊಳೆಮೀನಿನ ಗುರುತು ಹೇಳಿಕೊಡಬೇಕಿಲ್ಲ. ರೋಹು, ಕಾಟ್ಲಾ ಕತ್ತಲಲ್ಲಿ ಕೈಗೆ ಸಿಕ್ಕರೂ ಗೊತ್ತಾಗುತ್ತವೆ. ಸಮುದ್ರದ್ದೆಂದರೆ ಗೋವಾ, ಕಾರವಾರ, ಮಾಲವಣದಿಂದ ಬರುವ ಸುರಮಯಿ, ಬಾಂಗಡಾ, ಪಾಪ್ಲೆಟ್, ಅಷ್ಟೇ. ರಜೆಗೆಂದು ಮಾಲ್ಡೀವ್ಸ್‌ಗೆ ಹೋಗಿ, ಸೂರ್ಯ ಮುಳುಗಿದ ಮೇಲೆ ಹವಳದ ದಿಬ್ಬದ ಹತ್ತಿರ ದಾರ ಬಿಟ್ಟರೆ ಈ ತಿಳಿವಳಿಕೆ ಸಾಲುವುದಿಲ್ಲ. ಒಂದೇ ಸಂಜೆ ನಾಲ್ಕೈದು ಕುಟುಂಬದ ಮೀನು ಮೇಲೆ ಬರುತ್ತವೆ, ಅದರಲ್ಲಿ ಬಹಳಷ್ಟು ಕೆಂಪಗಿರುತ್ತವೆ. ನಾನು ಗುರುತು ಹಿಡಿಯುವ ಕ್ರಮ ಇಲ್ಲಿದೆ. ಜಾತಿಯ ಹೆಸರಿಗೆ ಮೊದಲೇ ಕೈ ಹಾಕುವುದಿಲ್ಲ; ಕುಟುಂಬ ಯಾವುದೆಂದು ತೀರ್ಮಾನಿಸಿದ ಮೇಲೆಯೇ ಮುಂದಿನ ಮಾತು.

ಹೊಳೆಮೀನಿನ ರೂಢಿಯನ್ನು ಮೊದಲು ಬದಿಗಿಡಬೇಕು. ರೋಹುವಿನ ಬೆನ್ನಿಗೆ ಒಂದೇ ರೆಕ್ಕೆ, ಅದರಲ್ಲಿ ಚುಚ್ಚುವ ಮುಳ್ಳಿಲ್ಲ, ದವಡೆಯಲ್ಲಿ ಹಲ್ಲಿಲ್ಲ, ಹೊಟ್ಟೆಯ ರೆಕ್ಕೆ ಮೈಯ ನಡುವೆ ಇರುತ್ತದೆ. ಹವಳದಿಬ್ಬದ ಮೀನುಗಳಲ್ಲಿ ಬಹುಪಾಲಿಗೆ ಹೊಟ್ಟೆಯ ರೆಕ್ಕೆ ಮುಂದೆ ಸರಿದು ಎದೆರೆಕ್ಕೆಯ ಕೆಳಗೇ ಇರುತ್ತದೆ. ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಗಟ್ಟಿ ಮುಳ್ಳು, ಹಿಂಭಾಗದಲ್ಲಿ ಮೆತ್ತನೆಯ ಕಡ್ಡಿ. ಈ ಮುಳ್ಳು ಮತ್ತು ಕಡ್ಡಿಗಳನ್ನು ಬೇರೆ ಬೇರೆ ಎಣಿಸಬೇಕು. ಬಣ್ಣ ಕ್ಷಣಕ್ಕೊಂದು ಬಗೆ ತೋರಬಹುದು, ಎಣಿಕೆ ಹಾಗಲ್ಲ.

ಬಣ್ಣ ಎಷ್ಟು ಬೇಗ ಹೋಗುತ್ತದೆ ಎನ್ನುವುದಕ್ಕೆ ಮಾಹಿ ಮಾಹಿ ನೋಡಿದರೆ ಸಾಕು. ಹೊನ್ನು, ಹಸಿರು ಮಿಂಚುತ್ತ ಬಂದದ್ದು ಸತ್ತ ಮೇಲೆ ಬೂದಿಬಣ್ಣಕ್ಕಿಳಿಯುತ್ತದೆ. ಎಂಪರರ್ ಮೀನು ಬದುಕಿರುವಾಗಲೇ ಮೈಮೇಲೆ ಕಪ್ಪು ಮಚ್ಚೆ ಮೂಡಿಸಿಕೊಂಡು ಮತ್ತೆ ಅಳಿಸಿಕೊಳ್ಳುತ್ತದೆ. ಅದಕ್ಕೇ ದೋಣಿಗೆ ಎತ್ತಿದ ಕೂಡಲೇ ಫೋಟೊ ತೆಗೆಯುತ್ತೇನೆ. ಒದ್ದೆ ಹಲಗೆಯ ಮೇಲೆ ಮೀನಿನ ತಲೆ ಎಡಕ್ಕೆ ಬರುವಂತೆ ಮಲಗಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬೆನ್ನಿನ ರೆಕ್ಕೆಯನ್ನು ಬೆರಳಿಂದ ಎತ್ತಿ ಹಿಡಿಯಬೇಕು. ಮಡಚಿದ ರೆಕ್ಕೆಯ ಫೋಟೊ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಡೀ ಮೀನಿನದೊಂದು, ಬಾಯಿ ಮತ್ತು ಕೆನ್ನೆಯದೊಂದು, ಎದೆಯ ಕೆಳಭಾಗದ್ದೊಂದು, ಬಾಲದ ಬುಡದ್ದೊಂದು. ಫ್ಲ್ಯಾಶ್ ಬೇಡ, ಹುರುಪೆಯ ಮೇಲೆ ಬೆಳಕು ಹೊಳೆದು ವಿವರವೆಲ್ಲ ಮುಚ್ಚಿಹೋಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಒಳ್ಳೆಯದು. ಎಷ್ಟು ಆಳದಿಂದ ಬಂತು, ಯಾವ ಎರೆಗೆ ಬಂತು ಎಂಬುದನ್ನೂ ಬರೆದಿಡಿ.

ನಿಜವಾದ ತೊಡಕು ಗ್ರೂಪರ್, ಸ್ನ್ಯಾಪರ್, ಎಂಪರರ್ ಈ ಮೂರರಲ್ಲಿ. ಮೊದಲು ಬಾಯಿ ಮುಚ್ಚಿಸಿ ಮೇಲ್ದವಡೆಯ ಮೂಳೆ ನೋಡಿ. ಗ್ರೂಪರ್‌ನಲ್ಲಿ ಆ ಮೂಳೆ ಬಾಯಿ ಮುಚ್ಚಿದರೂ ಪೂರ್ತಿ ಹೊರಗೆ ಕಾಣುತ್ತದೆ. ಉಳಿದೆರಡರಲ್ಲಿ ಕಣ್ಣಿನ ಮುಂದಿನ ಮೂಳೆಯ ಅಡಿಗೆ ಜಾರಿಕೊಳ್ಳುತ್ತದೆ. ಗ್ರೂಪರ್‌ನ ಕಿವಿರುಮುಚ್ಚಳದ ಹಿಂದಂಚಿನಲ್ಲಿ ಮೂರು ಚಪ್ಪಟೆ ಮುಳ್ಳುಗಳೂ ಇರುತ್ತವೆ. ಆಮೇಲೆ ಕೆನ್ನೆ. ಕಣ್ಣಿನ ಕೆಳಗಿಂದ ಹಿಂದಕ್ಕೆ ಹೆಬ್ಬೆರಳು ಎಳೆದು ನೋಡಿ. ಹುರುಪೆ ತಾಗಿದರೆ ಸಾಮಾನ್ಯವಾಗಿ ಸ್ನ್ಯಾಪರ್, ಬರೀ ನುಣುಪು ಚರ್ಮವಾದರೆ ಎಂಪರರ್. ನನ್ನ ಮಟ್ಟಿಗೆ ದೋಣಿಯಲ್ಲಿ ಇದಕ್ಕಿಂತ ನಂಬಿಗಸ್ತ ಪರೀಕ್ಷೆ ಇಲ್ಲ. ಕೈಬೆಳಕು ಇಲ್ಲದಿದ್ದರೂ ನಡೆಯುತ್ತದೆ. ಖಾತ್ರಿ ಬೇಕೆಂದರೆ ಬೆನ್ನಿನ ರೆಕ್ಕೆ ಎಣಿಸಿ: ಎಂಪರರ್ ಕುಟುಂಬದ ಲೆಥ್ರಿನಸ್ ಗುಂಪಿನಲ್ಲಿ ಎಲ್ಲಕ್ಕೂ 10 ಮುಳ್ಳು, 9 ಕಡ್ಡಿ. ಗ್ರೂಪರ್‌ಗಳಲ್ಲಿ ಕೆಂಪು ಮೈಗೆ ನೀಲಿ ಚುಕ್ಕೆಯಿರುವ ಕೋರಲ್ ಹೈಂಡ್‌ಗೆ 9 ಮುಳ್ಳು, ಎಪಿನೆಫೆಲಸ್ ಗುಂಪಿನವಕ್ಕೆ ಸಾಮಾನ್ಯವಾಗಿ 11.

ಸ್ನ್ಯಾಪರ್ ಎಂದು ತೀರ್ಮಾನವಾದರೆ ಅಲ್ಲಿಗೇ ನಿಲ್ಲಬೇಡಿ, ಏಕೆಂದರೆ ಮುಂದಿನ ಪ್ರಶ್ನೆ ಊಟದ್ದು. ಮೂಗಿನ ಹೊಳ್ಳೆಯಿಂದ ಕಣ್ಣಿನವರೆಗೆ ಆಳವಾದ ಗೀರು ಇದ್ದು, ರೆಕ್ಕೆಗಳು ಕಪ್ಪಾಗಿದ್ದರೆ ಅದು ಲುಟ್ಜಾನಸ್ ಬೋಹಾರ್, ಅಲ್ಲಿಯವರು ರೈಮಸ್ ಎನ್ನುತ್ತಾರೆ. ಮರಿಯಾಗಿದ್ದಾಗ ಬೆನ್ನಿನ ಮೇಲೆ ಎರಡು ಬಿಳಿ ಚುಕ್ಕೆ ಇರುತ್ತವೆ, ದೊಡ್ಡದಾದಂತೆ ಮಾಸುತ್ತವೆ. ಬಾಲದ ತುದಿಗಳು ದುಂಡಗಿದ್ದು ಬೆನ್ನು ಗೂನಿನಂತೆ ಎದ್ದಿದ್ದರೆ ಅದು ಬೇರೆ, ಲುಟ್ಜಾನಸ್ ಗಿಬ್ಬಸ್. ದೊಡ್ಡ ಬೋಹಾರ್‌ನಲ್ಲಿ ಸಿಗ್ವಾಟೆರಾ ವಿಷವಿರುವ ಸಂಭವವಿದೆ. ಸತ್ತ ಹವಳದ ಮೇಲೆ ಬೆಳೆಯುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮ ಪಾಚಿಯಿಂದ ಸಣ್ಣ ಮೀನಿಗೆ, ಅದನ್ನು ತಿಂದ ದೊಡ್ಡ ಮೀನಿಗೆ ಹೀಗೆ ಏರುತ್ತ ಸೇರಿಕೊಳ್ಳುತ್ತದೆ. ರುಚಿಯಲ್ಲಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಎಷ್ಟು ಕುದಿಸಿದರೂ, ಐಸಿನಲ್ಲಿಟ್ಟರೂ ಹೋಗುವುದಿಲ್ಲ. ವಾಂತಿ, ಭೇದಿ, ತುಟಿಯ ಸುತ್ತ ಜುಮುಜುಮು, ತಣ್ಣನೆಯದು ಮುಟ್ಟಿದರೆ ಸುಟ್ಟಂತಾಗುವುದು ಇದರ ಲಕ್ಷಣ. ದೊಡ್ಡ ಬೋಹಾರ್, ದೊಡ್ಡ ಬರಾಕುಡಾ, ಮೊರೇ ಹಾವುಮೀನು ನಾನು ಅಡುಗೆಗೆ ಕೊಡುವುದಿಲ್ಲ. ಯಾವ ಮೀನಿನದ್ದೇ ಆಗಲಿ ತಲೆ, ಪಿತ್ತಜನಕಾಂಗ, ತತ್ತಿಯಲ್ಲಿ ವಿಷ ಹೆಚ್ಚು ಸೇರುವುದರಿಂದ ತಲೆಸಾರಿನ ಆಸೆ ಅಲ್ಲಿ ಬಿಡುವುದೇ ಮೇಲು.

ಹಗಲು ದೋಣಿ ಓಡಿಸುತ್ತ ಹಿಡಿಯುವ ಉದ್ದ ಮೀನುಗಳಲ್ಲಿ ನಮ್ಮವರಿಗೆ ಗೊಂದಲವಾಗುವುದು ವಾಹೂ. ಮೈಮೇಲೆ ಅಡ್ಡಪಟ್ಟೆ ಕಂಡ ಕೂಡಲೇ ‘ಸುರಮಯಿ ಬಂತ್ರೀ’ ಅಂತಾರೆ. ಕಿವಿರಿನಿಂದ ಬಾಲಕ್ಕೆ ಹೋಗುವ ಪಕ್ಕೆಗೆರೆ ನೋಡಿ. ವಾಹೂವಿನಲ್ಲಿ ಅದು ಮೊದಲ ಬೆನ್ನುರೆಕ್ಕೆಯ ಕೆಳಗೇ ಥಟ್ಟನೆ ಇಳಿಯುತ್ತದೆ. ಸುರಮಯಿಯಲ್ಲಿ ಎರಡನೆಯ ರೆಕ್ಕೆ ಮುಗಿಯುವಲ್ಲಿ ಇಳಿಯುತ್ತದೆ. ಮೊದಲ ರೆಕ್ಕೆಯ ಮುಳ್ಳು ವಾಹೂವಿಗೆ 23ರಿಂದ 27, ಸುರಮಯಿಗೆ 15ರಿಂದ 18. ಟ್ಯೂನಾಗಳಲ್ಲಿ ಹೊಟ್ಟೆಯ ಮೇಲೆ ಉದ್ದಕ್ಕೆ ನಾಲ್ಕರಿಂದ ಆರು ಕಪ್ಪು ಗೆರೆ ಇದ್ದರೆ ಸ್ಕಿಪ್‌ಜ್ಯಾಕ್. ಗೆರೆಗಳು ಬೆನ್ನಿನ ಮೇಲೆ ಅಲೆಯಲೆಯಾಗಿದ್ದು ಎದೆರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ ಇದ್ದರೆ ಕವಾಕವಾ. ಚಿಕ್ಕ ಯೆಲ್ಲೋಫಿನ್ ಮತ್ತು ಬಿಗ್‌ಐ ಹೊರಗಿನಿಂದ ಬೇರ್ಪಡಿಸುವುದು ಕಷ್ಟ. ಸೀಳಿದಾಗ ಪಿತ್ತಜನಕಾಂಗದ ಕೆಳಮೈ ಗೀರುಗೀರಾಗಿದ್ದರೆ ಬಿಗ್‌ಐ. ಟ್ಯೂನಾ ಯಾವುದೇ ಇರಲಿ, ಹಿಡಿದ ಕೂಡಲೇ ಐಸಿಗೆ ಹೋಗಬೇಕು. ಬಿಸಿಲಲ್ಲಿ ಬಿಟ್ಟರೆ ಹಿಸ್ಟಮೈನ್ ಎಂಬ ವಿಷವಸ್ತು ಹುಟ್ಟುತ್ತದೆ, ಆಮೇಲೆ ಬೇಯಿಸಿ ಪ್ರಯೋಜನವಿಲ್ಲ.

ಟ್ರೆವಾಲಿ ಸುಲಭ. ಬಾಲದ ಹತ್ತಿರ ಪಕ್ಕೆಗೆರೆಯ ಮೇಲೆ ಗರಗಸದಂಥ ಗಟ್ಟಿ ಹುರುಪೆಗಳ ಸಾಲು ಕೈಗೆ ತಾಗುತ್ತದೆ. ಎದೆಯ ಕೆಳಗೆ ಹುರುಪೆಯಿಲ್ಲದೆ, ನಡುವೆ ಮಾತ್ರ ಚಿಕ್ಕ ಹುರುಪೆಯ ತುಣುಕು ಇದ್ದರೆ ಜಯಂಟ್ ಟ್ರೆವಾಲಿ.

ಗುರುತು ಸಿಗುವ ತನಕ ಬರಿಗೈ ಬೇಡ. ರ‍್ಯಾಬಿಟ್‌ಫಿಶ್‌ಗೆ ಬೆನ್ನಿನಲ್ಲಿ 13, ಕೆಳರೆಕ್ಕೆಯಲ್ಲಿ 7 ವಿಷದ ಮುಳ್ಳು; ಸರ್ಜನ್‌ಫಿಶ್‌ಗೆ ಬಾಲದ ಬುಡದ ಎರಡೂ ಬದಿಗೆ ಚೂಪಾದ ಅಲಗು. ವಿಷದ ಮುಳ್ಳು ಚುಚ್ಚಿದರೆ ತಾಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ದಾಟದಂತೆ, ಗಾಯ ಮುಳುಗಿಸಿಟ್ಟು ವೈದ್ಯರ ಹತ್ತಿರ ಹೋಗಬೇಕು. ಉಬ್ಬುವ ಪಫರ್ ಮೀನನ್ನು ತಿನ್ನುವ ಯೋಚನೆಯೇ ಬೇಡ. ಮಾಲ್ಡೀವ್ಸ್ 2010ರಲ್ಲೇ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿದೆ. ಗಾಳಕ್ಕೆ ಬಿದ್ದರೆ ನೀರಿನಲ್ಲೇ ಕೊಕ್ಕೆಯ ಹತ್ತಿರ ದಾರ ಕತ್ತರಿಸಿ ಬಿಡಿ.

ಕೋಣೆಗೆ ಬಂದ ಮೇಲೆ ಫಿಶ್‌ಬೇಸ್ ಜಾಲತಾಣದಲ್ಲಿ ದೇಶ ಮತ್ತು ಕುಟುಂಬ ಆರಿಸಿ ಬಂದ ಪಟ್ಟಿಯನ್ನು ಎಣಿಕೆಗಳ ಜೊತೆ ಹೋಲಿಸುತ್ತೇನೆ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳು ಮೊದಲು ತೋರಿಸುವ ಹೆಸರನ್ನೇ ಹಿಡಿಯುವುದು ಬೇಡ. ಅದರ ಮುಳ್ಳಿನ ಎಣಿಕೆ ನಿಮ್ಮ ಫೋಟೊಗೆ ಕೂಡದಿದ್ದರೆ ಹೆಸರು ತಪ್ಪು. ಲೆಥ್ರಿನಸ್ ಗುಂಪಿನ ಎಂಪರರ್‌ಗಳಲ್ಲಿ ಎಲ್ಲಕ್ಕೂ ಎಣಿಕೆ ಒಂದೇ ಇರುವುದರಿಂದ ಮೂತಿಯ ಉದ್ದ, ಎದೆರೆಕ್ಕೆಯ ಬುಡದ ಒಳಗೆ ಹುರುಪೆ ಇದೆಯೋ ಇಲ್ಲವೋ ನೋಡಬೇಕಾಗುತ್ತದೆ. ಅದು ಫೋಟೊದಲ್ಲಿ ಬಿದ್ದಿರದಿದ್ದರೆ ‘ಲೆಥ್ರಿನಸ್, ಜಾತಿ ಗೊತ್ತಿಲ್ಲ’ ಎಂದೇ ಬರೆಯುತ್ತೇನೆ.