ಬೊಲೆರೋಗೂ ತೋಟದ ಮನೆಗೂ ಹ್ಯಾಮ್ ರೇಡಿಯೋ ಕೂರಿಸಿದ್ದು: ನನ್ನ ಅನುಭವ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇನ್ ರೋಡ್ ಬಿಟ್ಟು 4 ಕಿಲೋಮೀಟರ್ ಒಳಗಿದೆ. ಮೂರು ಕಡೆ ಗುಡ್ಡ, ಒಂದು ಕಡೆ ಗದ್ದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ದಿಬ್ಬ ಹತ್ತಿಯೂ ಪ್ರಯೋಜನ ಇಲ್ಲ. ಅದಕ್ಕೇ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ರೇಡಿಯೋ ಸೆಟ್ಟು, ಹಾಕಿಸಿದೆ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ನಿಜ ಏನೆಂದರೆ, ಮಗಳು ಕಾಲೇಜಿನಲ್ಲಿ ಹ್ಯಾಮ್ ಪರೀಕ್ಷೆ ಕಟ್ಟಿದಳು, "ಅಪ್ಪ, ನೀನೂ ಬರಿ" ಅಂದಳು, ಬರೆದೆ. ಹುಚ್ಚು ಹತ್ತಿಕೊಂಡಿತು.

ಕಾಗದದ ವಿಷಯ ಮೊದಲು ಹೇಳಿಬಿಡುತ್ತೇನೆ. ಹ್ಯಾಮ್ ಸೆಟ್ಟನ್ನು ಟಿವಿ ತಂದಹಾಗೆ ತಂದು ಹಚ್ಚುವಂತಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದವರ ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಳ್ಳಬೇಕು. ನಾನು ಬರೆದದ್ದು ರಿಸ್ಟ್ರಿಕ್ಟೆಡ್ ಗ್ರೇಡ್. ಅದರಲ್ಲಿ ಮೋರ್ಸ್ ಕೋಡ್ ಇಲ್ಲ, ಒಂದಿಷ್ಟು ವಿದ್ಯುತ್ ಪಾಠ, ಒಂದಿಷ್ಟು ನಿಯಮ. ರೇಡಿಯೋದಲ್ಲಿ ನಮ್ಮ ಗುರುತಾದ ಕರೆ ಚಿಹ್ನೆ (ಕಾಲ್ ಸೈನ್) ವಿಯು3 ಅಂತ ಶುರುವಾಗುತ್ತದೆ. ಎಷ್ಟು ಪವರ್, ಯಾವ ಬ್ಯಾಂಡು, ಎಲ್ಲಿಂದ ಮಾತಾಡಬಹುದು ಅನ್ನುವುದೆಲ್ಲ ಆ ಕಾಗದ ಮತ್ತು ನಿಯಮಕ್ಕೆ ಬಿಟ್ಟದ್ದು. ವ್ಯಾಪಾರದ ಮಾತು ಪೂರ್ತಿ ನಿಷೇಧ. ಅಡಿಕೆ ಬೆಳೆಗಾರನಿಗೆ ಇದು ದೊಡ್ಡ ಶಿಕ್ಷೆ. ರಾಶಿ ಇಡಿ ಅಡಿಕೆ ಇವತ್ತು ಎಷ್ಟಕ್ಕೆ ಹೋಯಿತು ಅಂತ ಬಾಯಿ ತುದಿಗೆ ಬಂದರೂ ನುಂಗಿಕೊಳ್ಳಬೇಕು.

ಮೊದಲು ಕೂರಿಸಿದ್ದು ಬೊಲೆರೋಗೆ. 2 ಮೀಟರ್ ಬ್ಯಾಂಡಿನ ಸೆಟ್ಟು, ಅಂದರೆ 144ರಿಂದ 146 ಮೆಗಾಹರ್ಟ್ಸ್. ದುಡ್ಡೆಲ್ಲ ಸೆಟ್ಟಿಗೇ ಸುರಿದಿದ್ದೆ. ವೈರು, ಕೇಬಲ್ಲು, ಕನೆಕ್ಟರು ಅಂದರೆ ಏನು ಮಹಾ, ಪೇಟೆಯಲ್ಲಿ ಸಿಕ್ಕಿದ್ದು ತಂದರಾಯಿತು ಅಂದುಕೊಂಡಿದ್ದೆ. ಮುಂದೆ ಎರಡು ವರ್ಷ ನಾನು ಪಟ್ಟ ಪಾಡೆಲ್ಲ ಈ ಮೂರರದ್ದೇ. ಸೆಟ್ಟು ಇವತ್ತಿಗೂ ಒಂದು ದಿನ ತಕರಾರು ತೆಗೆದಿಲ್ಲ.

ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್‌ನಿಂದ ಎಳೆದೆ. ಚುಚ್ಚಿದರೆ ಮುಗಿಯಿತು, ಯಾರು ಬಾನೆಟ್ ಬಿಚ್ಚುತ್ತಾರೆ ಅಂತ. ನಮ್ಮ ಮಣ್ಣು ರಸ್ತೆಯಲ್ಲಿ ಚಕ್ರ ಒಂದೊಂದು ಹೊಂಡಕ್ಕೆ ಇಳಿದಾಗಲೂ ಸೆಟ್ ಆಫ್ ಆಗುತ್ತಿತ್ತು. ಪ್ಲಗ್ ಅಲ್ಲಾಡುತ್ತಿತ್ತು, ಅಷ್ಟೇ. ಅದಕ್ಕಿಂತ ಕಿರಿಕಿರಿ ಅಂದರೆ, ಗಾಡಿ ಸ್ಟಾರ್ಟ್ ಮಾಡಿ ಮಾತಾಡಿದರೆ ನನ್ನ ಧ್ವನಿಯ ಹಿಂದೆ ಸೊಳ್ಳೆ ಗುಂಯ್‌ಗುಡುವ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸೊಳ್ಳೆಯ ಶ್ರುತಿಯೂ ಏರುತ್ತಿತ್ತು. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಸದ್ದು ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡೆ. ಆಲ್ಟರ್ನೇಟರಿನದು. ಅದರ ಸದ್ದು ಗಾಡಿಯ ವೈರಿಂಗ್ ಪೂರ್ತಿ ಓಡಾಡುತ್ತಿರುತ್ತದೆ. ಲೈಟರ್ ಸಾಕೆಟ್‌ನಲ್ಲಿ ಕರೆಂಟ್ ತೆಗೆದರೆ ಅದೂ ಜೊತೆಗೆ ಬರುತ್ತದೆ.

ಸರಿ, ಬಿಚ್ಚಿದೆ. ಫುಲ್ ಪವರ್‌ಗೆ ಹಾಕಿದರೆ 10–12 ಆಂಪಿಯರ್ ಎಳೆಯುವ ಪೆಟ್ಟಿಗೆ ಅದು. ಕಮ್ಮಿ ಪವರಿನಲ್ಲೂ 4–5 ಬೇಕು. 6 ಸ್ಕ್ವೇರ್ ಎಂಎಂ ವೈರನ್ನು ಸೀದಾ ಬ್ಯಾಟರಿಯಿಂದ ತಂದೆ. ಪ್ಲಸ್‌ಗೂ ಮೈನಸ್‌ಗೂ ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸು. ಫ್ಯೂಸನ್ನು ಸೆಟ್ಟಿನ ಹತ್ತಿರ ಹಾಕಿದರೆ ಸೆಟ್ಟು ಉಳಿಯಬಹುದು, ಗಾಡಿ ಉಳಿಯುವುದಿಲ್ಲ. ಮಧ್ಯದಲ್ಲಿ ಎಲ್ಲಾದರೂ ವೈರು ಸವೆದು ಬಾಡಿಗೆ ತಾಗಿದರೆ ಬ್ಯಾಟರಿಯ ಶಕ್ತಿಯೆಲ್ಲ ಅಲ್ಲೇ ಸುರಿದು ಬೆಂಕಿ ಹತ್ತುತ್ತದೆ. ಇಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ಗೋಡೆಯಲ್ಲಿ ಮೊದಲೇ ಒಂದು ರಬ್ಬರ್ ಬುಷ್ ಇತ್ತು. ಅದರಲ್ಲಿ ಸೂಜಿ ಹಾಕಿದ ಹಾಗೆ ಸಣ್ಣ ತೂತು ಮಾಡಿ, ವೈರಿಗೆ ಸೋಪು ಸವರಿ ತೂರಿಸಿದೆ. ಅರ್ಧ ದಿನದ ಕೆಲಸ. ಸೊಳ್ಳೆ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ಸೆಟ್ಟಿನ ಹತ್ತಿರ ಅದೇ ವೈರನ್ನು ಇಂಥ ಸದ್ದು ತಡೆಯುವ ಫೆರೈಟ್ ಅನ್ನುವ ಕಪ್ಪು ಉಂಗುರಕ್ಕೆ ಐದಾರು ಸುತ್ತು ಸುತ್ತಿದೆ.

ಇನ್ನು ಆಂಟೆನಾ. 145 ಮೆಗಾಹರ್ಟ್ಸಿಗೆ ತರಂಗದ ಉದ್ದ 2 ಮೀಟರಿಗಿಂತ ಸ್ವಲ್ಪ ಜಾಸ್ತಿ. ಅದರ ಕಾಲು ಭಾಗ ಅಂದರೆ ಸುಮಾರು ಅರ್ಧ ಮೀಟರ್, ಕಡ್ಡಿ ಕತ್ತರಿಸುವಾಗ 49 ಸೆಂಟಿಮೀಟರ್ ಹತ್ತಿರ ಬರುತ್ತದೆ. ಇಷ್ಟು ಗಿಡ್ಡ ಕಡ್ಡಿ ಸಾಕಾ ಅಂತ ಅನುಮಾನ ಬರುತ್ತದೆ, ಅಲ್ವಾ? ಅದರ ಇನ್ನರ್ಧ ಕೆಲಸ ಮಾಡುವುದು ಕೆಳಗಿನ ತಗಡು. ಬೊಲೆರೋದ ರೂಫು ಒಳ್ಳೆ ಕಬ್ಬಿಣದ ತಗಡು, ಅಯಸ್ಕಾಂತದ ಬುಡ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವುದು ಎಸ್‌ಡಬ್ಲ್ಯುಆರ್ ಮೀಟರು; 1 ಅಂದರೆ ಏನೂ ವಾಪಸ್ ಇಲ್ಲ, ಅಂಕಿ ಏರಿದಷ್ಟೂ ನಷ್ಟ. ರೂಫಿನ ನಟ್ಟನಡುವೆ ಇಟ್ಟಾಗ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು 1.3ಕ್ಕೆ ನಿಂತಿತು. ಹಿಂದಿನ ಮೂಲೆಗೆ ಸರಿಸಿದರೆ 1.8. ಕಡ್ಡಿ ಅದೇ, ಸೆಟ್ಟು ಅದೇ. ಜಾಗ ಮಾತ್ರ ಬೇರೆ.

ಕೇಬಲ್ಲನ್ನು ಹಿಂದಿನ ಬಾಗಿಲ ಸಂದಿಯಿಂದ ಒಳಗೆ ತಂದಿದ್ದೆ. ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಯಾರಿಗೂ ನನ್ನ ಮಾತು ಕೇಳುತ್ತಿಲ್ಲ. ಮೀಟರ್ ಹಾಕಿದರೆ 3. ಅಂದರೆ ಕಳಿಸಿದ್ದರಲ್ಲಿ ಕಾಲು ಭಾಗ ವಾಪಸ್ ಸೆಟ್ಟಿಗೇ ಬರುತ್ತಿದೆ. ಕಡ್ಡಿ ಉಜ್ಜಿದೆ, ಬುಡ ಒರೆಸಿದೆ, ಕನೆಕ್ಟರ್ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಕಡೆಗೆ ಕೇಬಲ್ಲನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರುತ್ತಾ ಬಂದಾಗ ಬಾಗಿಲ ಹತ್ತಿರ ಒಂದು ಕಡೆ ಚಪ್ಪಟೆ. ದಿನಾ ಗೊಬ್ಬರದ ಚೀಲ ತುಂಬಿ ಧಡಾರ್ ಅಂತ ಹಾಕುವ ಬಾಗಿಲು. ಅಲ್ಲಿ ಬ್ಲೇಡಿನಲ್ಲಿ ಸೀಳಿ ನೋಡಿದೆ. ಒಳಗಿನ ಬಿಳಿ ಪ್ಲಾಸ್ಟಿಕ್ ಹಿಸುಕಿ ನಡುವಿನ ತಂತಿ ಹೊರಗಿನ ಜಾಲರಿಗೆ ತಾಗುವಷ್ಟು ಹತ್ತಿರ ಬಂದಿತ್ತು. ತಾಮ್ರದ ಜಾಲರಿ ಹಸಿರುಗಟ್ಟಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಆ ಸಣ್ಣ ಗಾಯದಿಂದ ಒಂದು ಮಳೆಗಾಲದ ನೀರು ಒಳಗೆ ಇಳಿದಿದೆ.

ಈಗ ಆಂಟೆನಾವನ್ನು ಬಾನೆಟ್ಟಿನ ಬದಿಗೆ ಕ್ಲಾಂಪ್ ಮಾಡಿ, ಕೇಬಲ್ಲನ್ನೂ ಆ ರಬ್ಬರ್ ಬುಷ್‌ನಿಂದಲೇ ತಂದಿದ್ದೇನೆ. ರೂಫಿನ ನಡುವೆ ಇದ್ದಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ರೂಫಿಗೆ ತೂತು ಕೊರೆದು ಕಾಯಂ ಕೂರಿಸುವುದೇ ಸರಿಯಾದ ದಾರಿ ಅಂತ ತಿಳಿದವರೆಲ್ಲ ಹೇಳುತ್ತಾರೆ. ಆಗುಂಬೆ ಪಕ್ಕದ ಮಳೆ ಕಂಡವನಿಗೆ ಗಾಡಿಯ ತಲೆಗೆ ತೂತು ಹಾಕುವ ಧೈರ್ಯ ಬರುವುದಿಲ್ಲ. ಜೊತೆಗೆ ತೋಟದ ದಾರಿಯಲ್ಲಿ ತಗ್ಗಿದ ಕೊಂಬೆಗಳು ರೂಫಿನ ಕಡ್ಡಿಯನ್ನು ಎರಡು ಸಲ ಕಿತ್ತು ಬೀಳಿಸಿದ್ದವು.

ಎಷ್ಟು ದೂರ ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮಗಳು ರಜೆಗೆ ಬಂದಾಗ ಮನೆಯಲ್ಲಿ ಅವಳು, ಗಾಡಿಯಲ್ಲಿ ನಾನು, ನೋಡಿಬಿಟ್ಟೆವು. ಗುಡ್ಡದ ಈ ಕಡೆ ಇದ್ದಷ್ಟು ಹೊತ್ತು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಗುಡ್ಡ ದಾಟಿ ತಿರುವು ತೆಗೆದುಕೊಂಡರೆ ಮುಗಿಯಿತು, 5 ಕಿಲೋಮೀಟರಿಗೇ ಮಾತು ಕತ್ತರಿಸಿ ಹೋಯಿತು. ಆದರೆ ಅದೇ ಗಾಡಿ, ಅದೇ ಪವರು, ಆಗುಂಬೆಯ ಸೂರ್ಯಾಸ್ತದ ಜಾಗಕ್ಕೆ ಹೋಗಿ ನಿಲ್ಲಿಸಿದರೆ ಉಡುಪಿ ಕಡೆಯ ಹವ್ಯಾಸಿಯೊಬ್ಬರು ಸಲೀಸಾಗಿ ಸಿಕ್ಕರು. ಈ ಬ್ಯಾಂಡಿಗೆ ಕಿಲೋಮೀಟರ್ ಲೆಕ್ಕ ಇಲ್ಲ. ಹೆಚ್ಚುಕಮ್ಮಿ ಕಣ್ಣಿಗೆ ಕಂಡಷ್ಟು ದೂರ.

ಮನೆ ಗುಂಡಿಯಲ್ಲಿದೆ, ಕಣ್ಣಿಗೆ ಗುಡ್ಡವೇ ಕಾಣುವುದು. ಹಾಗಾಗಿ ಮನೆಗೆ 40 ಮೀಟರ್ ಬ್ಯಾಂಡು ತಂದೆ. 7.0ರಿಂದ 7.2 ಮೆಗಾಹರ್ಟ್ಸ್. ಈ ಅಲೆಗಳು ಮೇಲೆ ಹೋಗಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ಬಡಿದು ವಾಪಸ್ ನೆಲಕ್ಕೆ ಬರುತ್ತವೆ, ಗುಡ್ಡದ ಹಂಗಿಲ್ಲ. ಆಂಟೆನಾವನ್ನು ತೀರಾ ಎತ್ತರಕ್ಕೆ ಹಾಕದಿದ್ದರೆ ನೆಟ್ಟಗೆ ಮೇಲಕ್ಕೇ ಹೋಗಿ ಕೊಡೆಯ ಹಾಗೆ ಸುತ್ತ ಕೆಲವು ನೂರು ಕಿಲೋಮೀಟರ್ ಬೀಳುತ್ತವೆ. ಹಗಲಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲ ಬರುವುದು ಹೀಗೇ.

ಇಲ್ಲಿ ನಾನು ಮಾಡಿದ ಜಾಣತನ ಕೇಳಿ. ಆ ವರ್ಷ ಅಡಿಕೆ ಕೊನೆ (ಗೊನೆ) ತೆಗೆಯಲು ಕಾರ್ಬನ್ ಫೈಬರ್ ದೋಟಿ ತಂದಿದ್ದೆವು. ಹಗುರ, ಉದ್ದ, ಎಳೆದಷ್ಟೂ ಬೆಳೆಯುತ್ತದೆ. ಇದಕ್ಕಿಂತ ಒಳ್ಳೆ ಕಂಬ ಬೇಕಾ? 10 ಮೀಟರ್ ವೈರನ್ನು ದೋಟಿಯುದ್ದಕ್ಕೂ ಟೇಪ್ ಸುತ್ತಿ ಅಂಗಳದಲ್ಲಿ ನಿಲ್ಲಿಸಿದೆ. ಎಸ್‌ಡಬ್ಲ್ಯುಆರ್ ಇಳಿಯಲೇ ಇಲ್ಲ. ವೈರು ಉದ್ದ ಮಾಡಿದೆ, ಗಿಡ್ಡ ಮಾಡಿದೆ, ನೆಲಕ್ಕೆ ಇನ್ನಷ್ಟು ವೈರು ಹರಡಿದೆ. ಎರಡು ಭಾನುವಾರ ಹೋಯಿತು. ಬೆಂಗಳೂರಿನ ಹಿರಿಯ ಹ್ಯಾಮ್ ಒಬ್ಬರಿಗೆ ದಿಬ್ಬ ಹತ್ತಿ ಫೋನ್ ಮಾಡಿದರೆ, "ಯಾವ ಕೋಲು ಅಂದ್ರಿ?" ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ನಕ್ಕರು. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ವೈರಿನ ಪಕ್ಕದಲ್ಲೇ ಅಷ್ಟೇ ಉದ್ದದ ಇನ್ನೊಂದು ವೈರು ನಿಲ್ಲಿಸಿದ ಹಾಗೆ. ಆ ದೋಟಿ ಕರೆಂಟ್ ಲೈನಿಗೆ ತಾಗಿದರೆ ಜೀವ ಹೋಗುತ್ತದೆ ಅಂತ ಕೊನೆಗಾರರಿಗೆ ನಾನೇ ದಿನಾ ಹೇಳುತ್ತಿದ್ದೆ. ಅದು ಆಂಟೆನಾಗೂ ಸಲ್ಲುತ್ತದೆ ಅಂತ ಹೊಳೆಯಲಿಲ್ಲ.

ಆಮೇಲೆ ಹಲಸಿನ ಮರವೇ ಗತಿ ಆಯಿತು. 2.5 ಸ್ಕ್ವೇರ್ ಎಂಎಂ ಮನೆ ವೈರಿಂಗಿನ ತಾಮ್ರದ ವೈರು, ಎರಡು ಕೈ, ನಡುವನ್ನು ಮರದ ಮೇಲೆ 10 ಮೀಟರ್ ಎತ್ತರಕ್ಕೆ ಕಟ್ಟಿ, ತುದಿಗಳನ್ನು ಇಳಿಜಾರಾಗಿ ಎರಡು ಕಡೆಗೆ ಎಳೆಯುವುದು. ಮೇಲೆ ಹತ್ತಿದ ಕೊನೆಗಾರನಿಗೆ ಚಗಳಿ (ಕೆಂಪಿರುವೆ) ಕಚ್ಚಿ ಕಚ್ಚಿ ಸಾಕಾಗಿತ್ತು. ಅಲ್ಲಿಂದಲೇ ಕೂಗಿದ, "ಎಂಥ ಮಾರಾಯ್ರೆ, ಬಟ್ಟೆ ಒಣಗ್ಸಕ್ಕೆ ಇಷ್ಟು ಎತ್ತರ ಬೇಕಾ?"

ಲೆಕ್ಕದ ಪ್ರಕಾರ 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ 20 ಮೀಟರ್ ಚಿಲ್ಲರೆ, ಒಂದು ಕೈಗೆ 10. ನಾನು ಹತ್ತೂವರೆ ಇಟ್ಟುಕೊಂಡು ಸ್ವಲ್ಪ ಸ್ವಲ್ಪ ಗಿಡ್ಡ ಮಾಡುತ್ತಾ ಬಂದೆ. ಪ್ಲಾಸ್ಟಿಕ್ ಹೊದಿಕೆಯ ವೈರು, ಮೇಲಾಗಿ ಇಳಿಜಾರು, ಎರಡೂ ಸೇರಿ ಲೆಕ್ಕಕ್ಕಿಂತ ಗಿಡ್ಡಕ್ಕೇ ಕೂರುತ್ತದೆ. ನನ್ನದು ಒಂದೊಂದು ಕೈ 9.8 ಮೀಟರಿಗೆ ನಿಂತಿತು. ಕತ್ತರಿಸಬೇಡಿ, ಮಡಚಿ ಸುತ್ತಿ. ಕತ್ತರಿಸಿದ ವೈರು ಮತ್ತೆ ಬೆಳೆಯುವುದಿಲ್ಲ. ತುದಿಗಳನ್ನು ಕಟ್ಟಿದ್ದು ಅಡಿಕೆ ಮರಕ್ಕೆ. ಗಾಳಿಗೆ ಅಡಿಕೆ ಮರ ಎಷ್ಟು ತೂಗುತ್ತದೆ ಅಂತ ಗೊತ್ತಲ್ಲ, ಮೊದಲ ಗಾಳಿಗೇ ವೈರು ಪಟ್ ಅಂತ ಹರಿಯಿತು. ಈಗ ಮರಕ್ಕೆ ಸಣ್ಣ ರಾಟೆ ಕಟ್ಟಿ, ನೈಲಾನ್ ಹಗ್ಗದ ತುದಿಗೆ ಮರಳು ತುಂಬಿದ ಬಾಟಲಿ ನೇತುಹಾಕಿದ್ದೇನೆ. ಮರ ತೂಗಿದರೆ ಬಾಟಲಿ ಮೇಲೆ ಕೆಳಗೆ ಆಡುತ್ತದೆ, ವೈರು ಉಳಿಯುತ್ತದೆ.

ಕೇಬಲ್ ಬಗ್ಗೆ ಒಂದು ಮಾತು. ಮನೆಯ 2 ಮೀಟರ್ ಆಂಟೆನಾಗೆ ಮೊದಲು 20 ಮೀಟರ್ ಆರ್‌ಜಿ-58 ಎಳೆದಿದ್ದೆ. ತೆಳ್ಳಗೆ, ಅಗ್ಗ. 145 ಮೆಗಾಹರ್ಟ್ಸಿನಲ್ಲಿ ಅಷ್ಟು ಉದ್ದಕ್ಕೆ 10 ವ್ಯಾಟ್ ಹಾಕಿದರೆ ಮೇಲೆ ತಲುಪುವುದು 4 ವ್ಯಾಟ್. ಉಳಿದದ್ದು ಕೇಬಲ್ ಬಿಸಿ ಮಾಡುವುದಕ್ಕೆ. ದಪ್ಪನೆಯ ಆರ್‌ಜಿ-213 ಹಾಕಿದ ಮೇಲೆ ಆರೂವರೆ ತಲುಪುತ್ತದೆ. ಬಿಚ್ಚಿದ ತೆಳು ಕೇಬಲ್ಲನ್ನು 40 ಮೀಟರ್ ಬ್ಯಾಂಡಿಗೆ ಬಳಸಿಕೊಂಡೆ. ಆ ಕೆಳಗಿನ ಮೆಗಾಹರ್ಟ್ಸಿನಲ್ಲಿ ಅದೇ ಕೇಬಲ್ ಏನೂ ತೊಂದರೆ ಕೊಡುವುದಿಲ್ಲ.

ಮೊದಲ ಸಲ ಜೋರಾಗಿ ಮಾತಾಡಿದಾಗ ಮೈಕು ತುಟಿಗೆ ಚುರ್ ಅಂತು. ಎದುರಿನ ಎಲ್‌ಇಡಿ ಬಲ್ಬು ನನ್ನ ಮಾತಿಗೆ ತಾಳ ಹಾಕುತ್ತಿತ್ತು. ಕೇಬಲ್ಲಿನ ಹೊರಮೈಯಲ್ಲಿ ರೇಡಿಯೋ ಕರೆಂಟು ಮನೆಯೊಳಗೇ ಬರುತ್ತಿದೆ ಅಂತ ಅರ್ಥ. ಮರದ ಮೇಲೆ, ಆಂಟೆನಾದ ಬುಡದಲ್ಲೇ ಕೇಬಲ್ಲನ್ನು ಫೆರೈಟ್ ಉಂಗುರಕ್ಕೆ ಸುತ್ತಿ ಕಟ್ಟಿದ ಮೇಲೆ ನಿಂತಿತು. ಕನೆಕ್ಟರಿಗೆ ನೀರು ಇಳಿಯದ ಹಾಗೆ ರಬ್ಬರ್ ಟೇಪು, ಅದರ ಮೇಲೆ ಮಾಮೂಲಿ ಟೇಪು. ಕೇಬಲ್ ಗೋಡೆ ಒಳಗೆ ಹೋಗುವ ಮೊದಲು ಒಂದು ಬಾಗು ಕೆಳಕ್ಕೆ ಬಿಡಬೇಕು, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸಿಡಿಲಿನ ವಿಷಯದಲ್ಲಿ ನಾನು ಹೆದರುಪುಕ್ಕಲ. ಈ ಹುಚ್ಚು ಹತ್ತುವ ಮೊದಲೇ ಒಂದು ಏಪ್ರಿಲ್‌ನಲ್ಲಿ ಲ್ಯಾಂಡ್‌ಲೈನೂ ಟಿವಿಯೂ ಒಟ್ಟಿಗೆ ಹೋಗಿದ್ದವು. ಗುಡುಗು ಕೇಳಿದ ಮೇಲೆ ಕೇಬಲ್ ಬಿಚ್ಚಲು ಓಡಿದರೆ ತಡ. ಮಾತು ಮುಗಿದ ತಕ್ಷಣ ಬಿಚ್ಚಿ ಕಿಟಕಿಯ ಹೊರಗೆ ಬಿಡುತ್ತೇನೆ, ವರ್ಷಪೂರ್ತಿ. ಸೆಟ್ಟಿಗೆ ಕರೆಂಟು ಕೊಡುವುದು ಹಳೇ ಸೋಲಾರ್ ಪ್ಯಾನೆಲ್ಲಿನಿಂದ ಚಾರ್ಜ್ ಆಗುವ ಬೇರೆ ಬ್ಯಾಟರಿ. ಮನೆಯ ಇನ್ವರ್ಟರಿಗೆ ಅದನ್ನು ಸೇರಿಸಿಲ್ಲ, ಇನ್ವರ್ಟರ್ ಗುರ್ ಅನ್ನುವುದನ್ನು ಯಾರು ಕೇಳುತ್ತಾರೆ.

ಇಷ್ಟೆಲ್ಲ ಮುಗಿದು ಸಂಜೆ ಸೆಟ್ ಹಾಕಿದರೆ ಟಕ್... ಟಕ್... ಟಕ್. ಸೆಕೆಂಡಿಗೊಂದು, ಗಡಿಯಾರದ ಹಾಗೆ. ಮನೆಯ ಮೇನ್ ಸ್ವಿಚ್ ತೆಗೆದರೂ ನಿಲ್ಲಲಿಲ್ಲ. ಹಳೇ ಟ್ರಾನ್ಸಿಸ್ಟರನ್ನು ಎಎಂನಲ್ಲಿಟ್ಟು ಕತ್ತಲಲ್ಲಿ ತೋಟದ ಅಂಚಿನಲ್ಲಿ ನಡೆದೆ. ಗದ್ದೆ ಕಡೆ ಹೋದಷ್ಟೂ ಟಕ್ ಜೋರಾಯಿತು. ಸೆಕೆಂಡಿಗೊಮ್ಮೆ ಕರೆಂಟಿನ ಹೊಡೆತ ಕೊಡುವ, ಪಕ್ಕದ ಮನೆಯವರ ಸೋಲಾರ್ ಬೇಲಿ. ಒಂದು ಕಡೆ ಬಳ್ಳಿ ತಂತಿಗೆ ಹಬ್ಬಿತ್ತು. ಟಾರ್ಚ್ ಆರಿಸಿ ನಿಂತರೆ ಪ್ರತಿ ಟಕ್‌ಗೂ ಎಲೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಕಿಡಿ. ಬೆಳಿಗ್ಗೆ ಅವರಿಗೆ ಹೇಳಿ ಬೇಲಿ ಆಫ್ ಮಾಡಿಸಿ ನಾನೇ ಬಳ್ಳಿ ಸವರಿದೆ. ರೇಡಿಯೋ ತಣ್ಣಗಾಯಿತು. ಬೇಲಿಯ ಹೊಡೆತವೂ ಜೋರಾಯಿತು ಅಂತ ಅವರಿಗೂ ಖುಷಿ.

ಈ ಸಲ ಮಳೆ ಬೇಗ ಹಿಡಿದಿದೆ, ಬಳ್ಳಿ ಚಿಗುರುವುದೂ ಬೇಗ. ನಿನ್ನೆ ಸಂಜೆಯಿಂದ ಮತ್ತೆ ಟಕ್ ಟಕ್ ಶುರುವಾಗಿದೆ. ನಾಳೆ ಬೆಳಿಗ್ಗೆ ಕತ್ತಿ ಹಿಡಿದು ಹೋಗಬೇಕು.